ಸಾಫ್ಟ್‌ನರ್ ಕೊಳ್ಳುವ ಮೊದಲು ನಲ್ಲಿ ನೀರನ್ನು ಅಳೆಯಿರಿ

ಶವರಿನ ತೂತುಗಳಲ್ಲಿ ಉಪ್ಪು ಕಟ್ಟಿ ನೀರು ಅಡ್ಡಾದಿಡ್ಡಿ ಚಿಮ್ಮುತ್ತಿದ್ದರೆ ನೀರು ಗಡಸು ಅಂತ ಯಾರೂ ಬಂದು ಹೇಳಬೇಕಿಲ್ಲ. ಎಷ್ಟು ಗಡಸು ಅನ್ನುವುದೇ ಪ್ರಶ್ನೆ. ಊರಂಚಿನ ಬಡಾವಣೆಗಳಲ್ಲಿ ಇವತ್ತು ನದಿ ನೀರು, ನಾಳೆ ಬೋರ್‌ವೆಲ್ ನೀರು, ಎರಡೂ ಒಂದೇ ಟ್ಯಾಂಕಿಗೆ ಬೀಳುವುದುಂಟು. ಹಾಗಾಗಿ ಪಕ್ಕದ ಬೀದಿಯವರ ಅಂಕಿ ನಂಬಿ ಸಾಫ್ಟ್‌ನರ್, ಅಂದರೆ ನೀರನ್ನು ಮೆದು ಮಾಡುವ ಯಂತ್ರ ತರಬೇಡಿ. ನಿಮ್ಮ ನೀರನ್ನು ನೀವೇ ಅಳೆಯಿರಿ.

ಪೆನ್ನಿನಂಥ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಒಟ್ಟು ಲವಣದ ಅಂದಾಜು ಕೊಡುವಂಥದ್ದು) ತೋರಿಸಿ ಹೆದರಿಸುವವರು ಜಾಸ್ತಿ. ಅದು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವುದನ್ನು. ಅಡುಗೆ ಉಪ್ಪು ಹಾಕಿದರೂ ಅಂಕಿ ಏರುತ್ತದೆ. ಗಡಸುತನಕ್ಕೆ ಕಾರಣ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಅವೆಷ್ಟಿವೆ ಅಂತ ಆ ಮೀಟರ್ ಬೇರೆಯಾಗಿ ಹೇಳಲಾರದು. ಇನ್ನು ಕೆಲವರು ಲೋಟಕ್ಕೆ ಎರಡು ಕಂಬಿ ಇಳಿಸಿ, ಕರೆಂಟ್ ಕೊಟ್ಟು, ನೀರನ್ನು ಕಂದು ಕೆಸರು ಮಾಡಿ ತೋರಿಸುತ್ತಾರೆ. ಆ ಕೆಸರು ಹೆಚ್ಚಾಗಿ ಕಬ್ಬಿಣದ ಕಂಬಿಯದ್ದೇ! ಶುದ್ಧ ಮಾಡಿದ ನೀರಲ್ಲಿ ಲವಣ ಕಮ್ಮಿ, ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಅದಕ್ಕೇ ಅದು ತಿಳಿಯಾಗಿ ಕಾಣುತ್ತದೆ.

ಅಂದಾಜು ಸಾಕು ಅನ್ನುವವರಿಗೆ ಸೋಪಿನ ಪರೀಕ್ಷೆ ಇದೆ. ಒಂದು ಬಾಟಲಿಗೆ ನಲ್ಲಿ ನೀರು, ಇನ್ನೊಂದಕ್ಕೆ ಡಿಸ್ಟಿಲ್ಡ್ ವಾಟರ್ ಸಮನಾಗಿ ಹಾಕಿ. ಎರಡಕ್ಕೂ ಅಷ್ಟೇ ಸೋಪು ತುರಿದು ಹಾಕಿ ಕುಲುಕಿ. ನೊರೆ ಕಮ್ಮಿಯಾಗಿ, ನೀರು ಹಾಲಿನಂತೆ ಕದಡಿದರೆ ಗಡಸು. ಸೋಪೇ ಆಗಬೇಕು. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಅದು ಗಡಸು ನೀರಲ್ಲೂ ನೊರೆ ಕೊಡುತ್ತದೆ, ಪರೀಕ್ಷೆ ಕೆಡುತ್ತದೆ.

ನನ್ನ ನಂಬಿಕೆ ಮಾತ್ರ ಹನಿ ಹಾಕುವ ಕಿಟ್ ಮೇಲೆ. ತಣ್ಣೀರಿನ ನಲ್ಲಿಯನ್ನು ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಕಿಟ್ಟಿನ ಸೀಸೆಗೆ ಗೆರೆಯವರೆಗೆ ಹಿಡಿಯಿರಿ. ಅದರ ಜೊತೆ ಬಂದ ಬಫರ್ (ನೀರಿನ ಕ್ಷಾರತೆಯನ್ನು ಹಿಡಿದಿಡುವ ದ್ರಾವಣ) ಮತ್ತು ಬಣ್ಣದ ಪುಡಿ ಹಾಕಿದರೆ ಗಡಸು ನೀರು ದ್ರಾಕ್ಷಾರಸದ ಕೆಂಪಿಗೆ ತಿರುಗುತ್ತದೆ. ಸೀಸೆಯ ಕೆಳಗೆ ಬಿಳಿ ಹಾಳೆ ಇಡಿ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಳ್ಳುವ ಇಡಿಟಿಎ ದ್ರಾವಣವನ್ನು ಒಂದೊಂದೇ ಹನಿ ಬಿಡಿ, ಪ್ರತಿ ಹನಿಗೂ ಅಲ್ಲಾಡಿಸಿ, ಎಣಿಸಿ. ತುಂಬ ಹೊತ್ತು ಏನೂ ಆಗದಂತೆ ಕಾಣುತ್ತದೆ. ಆಮೇಲೆ ಕೆಂಪಿನೊಳಗೆ ನೇರಳೆ ಬಣ್ಣ ಇಣುಕುತ್ತದೆ. ಇಲ್ಲಿ ಅವಸರ ಬೇಡ, ಇನ್ನೂ ಮುಗಿದಿಲ್ಲ. ಕೆಂಪಿನ ಸುಳಿವೇ ಇಲ್ಲದೆ ಅಪ್ಪಟ ನೀಲಿ ಆದಾಗ ನಿಲ್ಲಿಸಿ. ಹನಿಗಳ ಲೆಕ್ಕವನ್ನು ಡಬ್ಬದ ಮೇಲಿನ ಅಂಕಿಯಿಂದ ಗುಣಿಸಿದರೆ ಉತ್ತರ ಸಿಗುತ್ತದೆ. ಪುಡಿ ಹಾಕಿದ ಕೂಡಲೇ ನೀಲಿ ಬಂದರೆ ನೀರು ಮೆದು, ಕಿಟ್ ಎತ್ತಿಡಿ.

ಗಡಸುತನವೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದೇ ಹಿಡಿದು, ಲೆಕ್ಕ ಲೀಟರಿಗೆ ಮಿಲಿಗ್ರಾಂನಲ್ಲಿ. 60ರ ಒಳಗೆ ಮೆದು, 120ರವರೆಗೆ ಸಾಧಾರಣ, 180ರವರೆಗೆ ಗಡಸು, ಅದರಾಚೆ ತೀರಾ ಗಡಸು. ಕೆಲವು ಕಿಟ್‌ಗಳು ಗ್ರೇನ್ (ಅಮೆರಿಕದ ಗ್ಯಾಲನ್‌ಗೆ ಇಷ್ಟು ಗ್ರೇನ್ ಎಂಬ ಅಳತೆ) ಅಂತ ಹೇಳುತ್ತವೆ; ಅದನ್ನು 17ರಿಂದ ಗುಣಿಸಿ. ಬೇಸಿಗೆಯಲ್ಲೊಮ್ಮೆ, ಮಳೆ ಕಳೆದ ಮೇಲೊಮ್ಮೆ ಅಳೆಯಿರಿ. ಬೋರ್ ನೀರು ಬಂದ ದಿನ ಬೇರೆ, ನದಿ ನೀರು ಬಂದ ದಿನ ಬೇರೆ.

120ರ ಒಳಗಿದ್ದರೆ ನಾನಂತೂ ಯಂತ್ರಕ್ಕೆ ಕೈಹಾಕುವುದಿಲ್ಲ. ಶವರಿನ ತಲೆ ಬಿಚ್ಚಿ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿದರೆ ಸಾಕು, ಗುಳ್ಳೆ ಎದ್ದು ಪೊರೆ ಕರಗುತ್ತದೆ. ಅಮೃತಶಿಲೆಗೆ ಮಾತ್ರ ವಿನೆಗರ್ ತಾಗಿಸಬೇಡಿ, ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ ಅಲ್ವಾ, ಅದೂ ಕರಗುತ್ತದೆ. ಬ್ಲೀಚ್ ಜೊತೆ ಬೆರೆಸಲೇಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಗೀಸರ್‌ನಲ್ಲಿ ನೀರು ಬಿಸಿಯಾದಷ್ಟೂ ಉಪ್ಪು ಬೇಗ ಕಟ್ಟುತ್ತದೆ, ಆದ್ದರಿಂದ 60 ಡಿಗ್ರಿಗಿಂತ ಮೇಲೆ ಸುಮ್ನೆ ಏರಿಸಬೇಡಿ.

200 ದಾಟಿ ಗೀಸರಿನ ಕಾಯಿಲ್ ಪದೇ ಪದೇ ಕೆಡುತ್ತಿದ್ದರೆ ಸಾಫ್ಟ್‌ನರ್ ಬಗ್ಗೆ ಯೋಚಿಸಬಹುದು. ಅದರೊಳಗಿನ ರೆಸಿನ್ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಆಗಾಗ ಉಪ್ಪು ನೀರು ಹಾಯಿಸಿ ಮಣಿಗಳನ್ನು ಮತ್ತೆ ಸಜ್ಜು ಮಾಡಬೇಕು. 100 ಮಿಲಿಗ್ರಾಂ ಗಡಸುತನ ತೆಗೆದರೆ ಲೀಟರಿಗೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಹಾಗಾಗಿ ಕುಡಿಯುವ ನಲ್ಲಿಯನ್ನೂ ಗಿಡಗಳ ಪೈಪನ್ನೂ ಅದರಿಂದ ಹೊರಗಿಡಲು ಪ್ಲಂಬರ್‌ಗೆ ಮೊದಲೇ ಹೇಳಿ.

ಇಷ್ಟೆಲ್ಲ ಬಕೆಟ್, ಪೈಪುಗಳ ಕಥೆ. ಕುಡಿಯಲು ಯೋಗ್ಯವೇ ಅನ್ನುವುದು ಬೇರೆಯೇ ಪ್ರಶ್ನೆ. ಗಡಸುತನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ಕಾರಣಕ್ಕೆ ಮಿತಿ ಹಾಕಿಲ್ಲ. ಫ್ಲೋರೈಡ್‌ಗೆ ಲೀಟರಿಗೆ 1.5 ಮಿಲಿಗ್ರಾಂ, ನೈಟ್ರೇಟ್‌ಗೆ 50 ಎಂದು ಹಾಕಿದೆ. ಇವೆರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಇವುಗಳ ಪ್ರಮಾಣ ಏರುತ್ತದೆ. ಕುದಿಸುವುದು ರೋಗಾಣುಗಳಿಗೆ ಮದ್ದು, ಇವಕ್ಕಲ್ಲ.

ಹಾಗಾಗಿ ಬೋರ್ ನೀರು ಕುಡಿಯುವವರು ಒಮ್ಮೆ ಲ್ಯಾಬಿಗೆ ಕೊಡಲೇಬೇಕು. ರೋಗಾಣು ಪರೀಕ್ಷೆಗೆ ಅವರೇ ಕೊಡುವ ಸ್ಟೆರೈಲ್ ಬಾಟಲಿ ತನ್ನಿ. ನಲ್ಲಿಯ ಜಾಲರಿ ಬಿಚ್ಚಿ, ಬಾಯಿ ಒರೆಸಿ, ನೀರು ಬಿಟ್ಟು ಹಿಡಿಯಿರಿ. ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಬಾರದು. ತಂಪಾಗಿಟ್ಟು 24 ಗಂಟೆಯೊಳಗೆ ತಲುಪಿಸಿ. ವರದಿಯಲ್ಲಿ ಇ. ಕೋಲಿ (ನೀರಿಗೆ ಮಲ ಸೇರಿದೆ ಅನ್ನುವುದರ ಸುಳಿವು ಕೊಡುವ ಬ್ಯಾಕ್ಟೀರಿಯಾ) 100 ಮಿಲಿಲೀಟರಿಗೆ ಸೊನ್ನೆ ಇರಬೇಕು. ಒಂದು ಕಂಡರೂ ಕುದಿಸಿಯೇ ಕುಡಿಯಿರಿ, ಟ್ಯಾಂಕ್ ತೊಳೆಸಿ ಕ್ಲೋರಿನ್ ಹಾಕಿಸಿ, ಆಮೇಲೆ ಮತ್ತೊಂದು ಬಾಟಲಿ ಕಳಿಸಿ.