ಬರ್ಲಿನರ್‌ಗೆ ಬಿಳಿ ಪಟ್ಟಿ ಬರಬೇಕಾ?

ಬರ್ಲಿನರ್ ಎಂದರೆ ಹುದುಗಿಸಿದ ಹಿಟ್ಟನ್ನು ಕರಿದು ಮಾಡುವ ಜರ್ಮನಿಯ ಸಿಹಿ ಉಂಡೆ, ಬವೇರಿಯಾದವರಿಗೆ ಕ್ರಾಪ್ಫೆನ್. ಅದನ್ನು ಕರಿಯುವಾಗ ಮೊದಲ ಬದಿಗೆ ಮಾತ್ರ ಮುಚ್ಚಳ ಮುಚ್ಚಿ. ತಿರುವಿದ ಮೇಲೆ ತೆರೆದೇ ಕರಿಯಿರಿ. ಉಂಡೆಯ ಉಬ್ಬಿದ ಮುಖ ಮೊದಲು ಎಣ್ಣೆಗಿಳಿಯಬೇಕು. ಮುಚ್ಚಳದೊಳಗಿನ ಹಬೆ ಮೇಲಿನ ಹಿಟ್ಟನ್ನು ಒಣಗಲು ಬಿಡುವುದಿಲ್ಲ, ಹಾಗಾಗಿ ಅದು ಇನ್ನಷ್ಟು ಉಬ್ಬಿ ಹಗುರಾಗಿ ತೇಲುತ್ತದೆ. ಎಣ್ಣೆ ತಾಗದ ನಡುಭಾಗವೇ ಆ ಬಿಳಿ ಪಟ್ಟಿ. ಎಣ್ಣೆ 160ರಿಂದ 170 ಡಿಗ್ರಿ ಸೆಲ್ಸಿಯಸ್ ಇರಲಿ. ಜಾಸ್ತಿ ಕಾದರೆ ಹೊರಗೆ ಕಪ್ಪು, ಒಳಗೆ ಹಸಿ. ಮುಚ್ಚಳವನ್ನು ಓರೆ ಮಾಡದೆ ನೇರ ಎತ್ತಿ, ಹನಿ ಬಿದ್ದರೆ ಎಣ್ಣೆ ಸಿಡಿಯುತ್ತದೆ. ಹಿಟ್ಟು ಸರಿಯಾಗಿ ಹುದುಗದಿದ್ದರೆ ಯಾವ ಮುಚ್ಚಳವೂ ಕಾಪಾಡದು, ಉಂಡೆ ಮುಳುಗಿ ಪೂರ್ತಿ ಕಂದಾಗುತ್ತದೆ. ಕ್ವಾರ್ಕ್ ಎಂಬ ಮೃದು ಚೀಸ್ ಸೇರಿಸಿ, ಬೇಕಿಂಗ್ ಪೌಡರ್ ಹಾಕಿ ಮಾಡುವ ಕ್ವಾರ್ಕ್‌ಬೆಲ್ಶೆನ್‌ಗೆ ಇದೆಲ್ಲ ಬೇಡ, ಪುಟ್ಟ ಉಂಡೆಗಳು ಎಣ್ಣೆಯಲ್ಲಿ ಬಹುಪಾಲು ತಾವೇ ಮಗುಚಿಕೊಳ್ಳುತ್ತವೆ.