ಸರಿಯಾಗಿ 30 ಬಂದರೆ ಏನು ಮಾಡಬೇಕು?

ಮಧುಮೇಹದ ರೋಗಿಗೆ ಮೆಟ್‌ಫಾರ್ಮಿನ್ ಶುರು ಮಾಡಬಹುದಾ? ಈ ಒಂದು ತೀರ್ಮಾನದ ಸುತ್ತ ನಾನು ವರ್ಕ್‌ಫ್ಲೋ, ಅಂದರೆ ಯಾವ ಕೆಲಸ ಆದಮೇಲೆ ಯಾವುದು ಅನ್ನುವ ಹಾದಿ, ಕಟ್ಟಬೇಕಿತ್ತು. ಮೊದಲು ಎಲ್ಲವನ್ನೂ ಬಿಪಿಎಂಎನ್ ಚಿತ್ರದೊಳಗೇ (ಕೆಲಸದ ಹಾದಿಯನ್ನು ಚೌಕ, ಬಾಣಗಳಲ್ಲಿ ತೋರಿಸುವ ಚಿತ್ರ) ತುರುಕಿದೆ. ಕವಲಿನ ಮೇಲೆ ಕವಲು ಬಂದು ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ತೀರ್ಮಾನಗಳನ್ನು ಡಿಎಂಎನ್ ಕೋಷ್ಟಕಕ್ಕೆ (ಹೀಗಿದ್ದರೆ ಹೀಗೆ ಅಂತ ಒಂದೊಂದು ಸಾಲಲ್ಲಿ ಒಂದೊಂದು ನಿಯಮ) ತೆಗೆದಿಟ್ಟೆ. ಕೋಷ್ಟಕವನ್ನು ಅವರೇ ಸಾಲು ಸಾಲಾಗಿ ಓದಿ ತಿದ್ದಿದರು.

ಕಿಡ್ನಿಯ ಇಜಿಎಫ್‌ಆರ್ (ಕಿಡ್ನಿ ಎಷ್ಟು ಚೆನ್ನಾಗಿ ರಕ್ತ ಸೋಸುತ್ತಿದೆ ಅನ್ನುವ ಅಂಕಿ) 30ಕ್ಕಿಂತ ಕಡಿಮೆ ಇದ್ದರೆ ಈ ಮಾತ್ರೆ ಕೊಡುವ ಹಾಗಿಲ್ಲ. 30ರಿಂದ 45ರ ನಡುವೆ ಇದ್ದರೆ ಹೊಸದಾಗಿ ಶುರು ಮಾಡುವುದು ಬೇಡ. ನಾನು ಬರೆದ ಮೂರು ಸಾಲು ಹೀಗಿದ್ದವು: "30ಕ್ಕಿಂತ ಕಡಿಮೆ", "30ಕ್ಕಿಂತ ಜಾಸ್ತಿ, 45ರವರೆಗೆ", "45 ಮತ್ತು ಮೇಲೆ". ಓದಿದರೆ ಚೆನ್ನಾಗೇ ಇದೆ ಅಲ್ವಾ? ಆದರೆ ಸರಿಯಾಗಿ 30 ಬಂದರೆ ಯಾವ ಸಾಲೂ ಹೊಂದುವುದಿಲ್ಲ. 45 ಬಂದರೆ ಎರಡು ಸಾಲು ಹೊಂದುತ್ತವೆ, ಒಂದು ಬೇಡ ಅನ್ನುತ್ತದೆ, ಇನ್ನೊಂದು ಕೊಡಿ ಅನ್ನುತ್ತದೆ. ಪರೀಕ್ಷಿಸುವ ಟೂಲ್ ಎರಡನ್ನೂ ಹಿಡಿಯಿತು. ಎಷ್ಟು ಸಾಲು ಹೊಂದಬಹುದು ಅಂತ ಹೇಳುವ ಹಿಟ್ ಪಾಲಿಸಿಯನ್ನು 'ಯೂನಿಕ್' (ಒಂದೇ ಸಾಲು ಹೊಂದಬೇಕು) ಇಟ್ಟಿದ್ದು ಒಳ್ಳೆಯದಾಯಿತು. 'ಫಸ್ಟ್' (ಮೊದಲು ಹೊಂದಿದ ಸಾಲೇ ಅಂತಿಮ) ಇಟ್ಟಿದ್ದರೆ 45ರ ಜಗಳ ಸುಮ್ನೆ ಮುಚ್ಚಿಹೋಗುತ್ತಿತ್ತು. ರೋಗಿಗಳ ವಿಷಯದಲ್ಲಿ ನಾನು 'ಫಸ್ಟ್' ಮುಟ್ಟುವುದೇ ಇಲ್ಲ. ವರದಿ ಇನ್ನೂ ಬಂದಿಲ್ಲ ಅನ್ನುವುದಕ್ಕೂ ಬೇರೆ ಸಾಲು ಬೇಕು. ಖಾಲಿ ಅಂದರೆ ಸೊನ್ನೆ ಅಲ್ಲ.

ಕೋಷ್ಟಕ ಸರಿಹೋದರೂ ಬಿಪಿಎಂಎನ್ ಚಿತ್ರದ ಹಾದಿ ಸರಿ ಇರಲಿಲ್ಲ. ಒಂದು ಕಡೆ ನರ್ಸ್ ಔಷಧಿ ಪಟ್ಟಿ ನೋಡುತ್ತಾರೆ. ಇನ್ನೊಂದು ಕಡೆ ಹೊಸ ಕ್ರಿಯೇಟಿನಿನ್ ಟೆಸ್ಟ್ (ಇಜಿಎಫ್‌ಆರ್ ಲೆಕ್ಕ ಹಾಕಲು ಬೇಕಾದ ರಕ್ತಪರೀಕ್ಷೆ) ಬೇಕಾ ಅಂತ ತೀರ್ಮಾನ ಆಗುತ್ತದೆ. ಬೇಡ ಅಂದರೆ ಆ ಕವಲು ಅಲ್ಲೇ ಮುಗಿಯುತ್ತಿತ್ತು. ಮುಂದೆ ಎರಡು ದಾರಿ ಕೂಡುವ ಕಡೆ ನಾನು ಹಾಕಿದ್ದ ಪ್ಯಾರಲಲ್ ಗೇಟ್‌ವೇ ಮಾತ್ರ ಎರಡೂ ಕಡೆಯಿಂದ ಬರಲಿ ಅಂತ ಕಾಯುತ್ತಿತ್ತು. ಇತ್ತೀಚಿನ ವರದಿ ಇರುವ, ಹೊಸ ಟೆಸ್ಟ್ ಬೇಡದ ರೋಗಿ ಬಂದರೆ ಅಲ್ಲೇ ಡೆಡ್‌ಲಾಕ್, ಎಂದೂ ಮುಂದೆ ಹೋಗುವುದಿಲ್ಲ. ನಾನು ಕೈಯಾರೆ ಓಡಿಸಿ ನೋಡಿದ ರೋಗಿಗಳಿಗೆಲ್ಲ ಟೆಸ್ಟ್ ಬೇಕಿತ್ತು, ಹಾಗಾಗಿ ಕಣ್ಣಿಗೆ ಬೀಳಲೇ ಇಲ್ಲ. ಮಾದರಿಯನ್ನು ಪೆಟ್ರಿ ನೆಟ್‌ಗೆ (ಹಾದಿಯನ್ನು ಗಣಿತದಲ್ಲಿ ಬರೆಯುವ ಒಂದು ರೀತಿ) ಬದಲಾಯಿಸಿ, ಎಲ್ಲಿಂದ ಹೊರಟರೂ ಕೊನೆ ಮುಟ್ಟಬಹುದಾ ಅಂತ ಎಲ್ಲ ದಾರಿಯನ್ನೂ ಹುಡುಕಿ ನೋಡುವ ಮಾಡೆಲ್ ಚೆಕರ್‌ಗೆ ಕೇಳಿದೆ. ಅದು ಸಿಕ್ಕಿಕೊಳ್ಳುವ ದಾರಿಯನ್ನು ಏಳು ಹೆಜ್ಜೆಯಲ್ಲಿ ಬರೆದುಕೊಟ್ಟಿತು. 'ಬೇಡ' ಅನ್ನುವ ಬಾಣವನ್ನು ಲ್ಯಾಬ್ ದಾರಿಯ ಕೊನೆಗೇ ತಂದು ಸೇರಿಸಿದೆ.

ಆ ಏಳು ಹೆಜ್ಜೆಯನ್ನು ಒಬ್ಬ ನರ್ಸ್‌ಗೆ ಓದಿ ಹೇಳಿದೆ. ಅವರು ಎರಡನೇ ಹೆಜ್ಜೆಯಲ್ಲೇ ತಡೆದರು: "ಇತ್ತೀಚಿನ ವರದಿ ಅಂದ್ರೆ ಎಷ್ಟು ದಿನದ್ದು? ನಡುವೆ ವಾಂತಿ ಭೇದಿ ಆಗಿದ್ರೆ?" ವಾಂತಿ ಭೇದಿಯಿಂದ ಕಿಡ್ನಿಯ ಅಂಕಿ ಬದಲಾಗಿರಬಹುದು. ಇದನ್ನು ಯಾವ ಟೂಲೂ ಕೇಳಿರಲಿಲ್ಲ, ಯಾಕೆಂದರೆ ನಾನು ಮಾದರಿಯೊಳಗೆ ಅದನ್ನು ಬರೆದೇ ಇರಲಿಲ್ಲ. ಕೋಷ್ಟಕಕ್ಕೆ ಎರಡು ಕಾಲಂ ಸೇರಿಸಿದೆ. ಮಿತಿಗಳನ್ನು ಡಾಕ್ಟರೇ ತುಂಬಿದರು. ಮತ್ತೆ ಮೊದಲಿನಿಂದ ಪರೀಕ್ಷೆ ಓಡಿಸಿದೆ.