ಕಪ್ಪು ಬಿಲ್ಲೆ, ಎಮ್ಮೆ ಡಾಕ್ಟರ ಕ್ಯಾನು

ದಾವಣಗೆರೆಯಲ್ಲಿ ಭಟ್ಟಿ ಅಂದರೆ ಮಂಡಕ್ಕಿ ಭಟ್ಟಿ. ನನ್ನದು ಕಾಲೇಜು ಲ್ಯಾಬಿನ ಮೂಲೆಯಲ್ಲಿರುವ ಚಿಕ್ಕ ಕರೆಂಟ್ ಭಟ್ಟಿ. ಅದರಲ್ಲಿ ಸುಡುವುದು ಯಿಟ್ರಿಯಂ, ಬೇರಿಯಂ, ತಾಮ್ರ ಸೇರಿದ ಆಕ್ಸೈಡ್. ಇದು 90 ಕೆಲ್ವಿನ್‌ನಲ್ಲೂ, ಅಂದರೆ ಸುಮಾರು ಮೈನಸ್ 183 ಡಿಗ್ರಿ ಸೆಲ್ಸಿಯಸ್‌ನಲ್ಲೂ, ಸೂಪರ್‌ಕಂಡಕ್ಟರ್ (ರೋಧವೇ ಇಲ್ಲದೆ ಕರೆಂಟ್ ಒಯ್ಯುವ, ಆಯಸ್ಕಾಂತವನ್ನು ತೇಲಿಸುವ ವಸ್ತು) ಅಂತ 1987ರಲ್ಲಿ ಗೊತ್ತಾಯಿತು. ದುಬಾರಿ ದ್ರವ ಹೀಲಿಯಂ ಬೇಡ, 77 ಕೆಲ್ವಿನ್‌ನ ದ್ರವ ಸಾರಜನಕ ಸಾಕು. ಇಲ್ಲದಿದ್ದರೆ ನಾನು ಇದರ ತಂಟೆಗೇ ಹೋಗುತ್ತಿರಲಿಲ್ಲ.

ಯಿಟ್ರಿಯಂ ಆಕ್ಸೈಡ್ 1.129 ಗ್ರಾಂ, ಬೇರಿಯಂ ಕಾರ್ಬೊನೇಟ್ 3.947, ತಾಮ್ರದ ಆಕ್ಸೈಡ್ 2.386. ಬೇರಿಯಂ ಪುಡಿ ವಿಷ, ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಅಗೇಟ್ ಕಲ್ಲಿನಲ್ಲಿ ಅರೆದು, 930 ಡಿಗ್ರಿಯಲ್ಲಿ ಸುಟ್ಟು, ಮತ್ತೆ ಅರೆದು, ಬಿಲ್ಲೆ ಒತ್ತಿ ಮತ್ತೆ ಸುಡಬೇಕು. ನಾನು ಮೊದಲ ಸಲ ಹತ್ತೇ ನಿಮಿಷ ಅರೆದೆ. ಬಿಲ್ಲೆಯ ಮೇಲೆ ಪಾಚಿ ಕಟ್ಟಿದ ಹಾಗೆ ಹಸಿರು ಕಲೆ. ಆ ಹಸಿರು ಬೇರೆಯೇ ಸಂಯುಕ್ತ, ಕೆಲಸಕ್ಕೆ ಬಾರದ್ದು.

ಎರಡನೆಯದು ಅಚ್ಚ ಕಪ್ಪಾಗಿ ಬಂತು. ಬಸ್ಸಿಗೆ ಹೊತ್ತಾಯಿತು ಅಂತ ಬಿಸಿಬಿಸಿ ಇರುವಾಗಲೇ ಹೊರಗೆ ತೆಗೆದೆ. ಅದೇ ತಪ್ಪು. ಈ ವಸ್ತು ಕೆಂಪಗೆ ಕಾದಾಗ ಆಕ್ಸಿಜನ್ ಬಿಟ್ಟುಕೊಡುತ್ತದೆ, ನಿಧಾನಕ್ಕೆ ಆರುವಾಗ ಮತ್ತೆ ಹೀರಿಕೊಳ್ಳುತ್ತದೆ. ಆ ಆಕ್ಸಿಜನ್ ಸಾಕಷ್ಟು ಇಲ್ಲದಿದ್ದರೆ ಸೂಪರ್‌ಕಂಡಕ್ಟರ್ ಆಗುವುದಿಲ್ಲ. ಬಣ್ಣ ನೋಡಿ ಇದು ತಿಳಿಯುವುದಿಲ್ಲ.

ತಣ್ಣಗೆ ಮಾಡಲು ದ್ರವ ಸಾರಜನಕ ಎಲ್ಲಿ ಸಿಗುತ್ತದೆ? ದನಗಳಿಗೆ ಇಂಜೆಕ್ಷನ್ ಕೊಡುವವರ ಹತ್ತಿರ! ಹೋರಿಯ ವೀರ್ಯ ಕೆಡದಂತೆ ಇಡುವುದು ಅದರಲ್ಲೇ. ಫ್ಲಾಸ್ಕ್ ಹಿಡಿದು ಹೋದೆ.

"ಯಾವ ಎಮ್ಮಿಗೆ ಸರ?"

"ಎಮ್ಮೆಗಲ್ಲಪ್ಪ, ಕಲ್ಲಿಗೆ."

ಅವರು ನಗುತ್ತಲೇ ಎರಡು ಲೀಟರ್ ಸುರಿದರು. ಮುಚ್ಚಳ ಬಿಗಿ ಮಾಡಬಾರದು, ಸಿಡಿಯುತ್ತದೆ. ಬಿಲ್ಲೆಯನ್ನು ಅದ್ದಿ ಮೇಲೆ ಆಯಸ್ಕಾಂತ ಇಟ್ಟೆ. ಅದು ಸುಮ್ನೆ ಕೂತಿತು.

ಅದೇ ಬಿಲ್ಲೆಯನ್ನು ಆಕ್ಸಿಜನ್ ಹರಿಸುತ್ತಾ 450 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು, ಭಟ್ಟಿಯಲ್ಲೇ ಆರಲು ಬಿಟ್ಟೆ. ಈ ಸಲ ಆಯಸ್ಕಾಂತ ಅಕ್ಕಿಕಾಳಿನಷ್ಟು ಎತ್ತರದಲ್ಲಿ ತೇಲಿತು. ಬೆರಳಿನಿಂದ ತಟ್ಟಿದರೆ ಅಲ್ಲೇ ಗರಗರ ತಿರುಗಿತು. ನಾಲ್ಕು ತಂತಿಗಳನ್ನು ಬೆಳ್ಳಿ ಪೇಂಟಿನಿಂದ ಅಂಟಿಸಿ ಅಳೆದೆ. 92 ಕೆಲ್ವಿನ್ ಹತ್ತಿರ ರೋಧ ದಢಕ್ಕನೆ ಬಿತ್ತು.

ಈ 92 ಇನ್ನೂ ಮೇಲೆ ಹೋಗಬಹುದಾ ಅಂತ ಆಸೆ. ಯಿಟ್ರಿಯಂನಲ್ಲಿ ನೂರಕ್ಕೆ ಹತ್ತು ಪಾಲು ತೆಗೆದು ಕ್ಯಾಲ್ಸಿಯಂ ಹಾಕಿದೆ. 85ರ ಆಸುಪಾಸಿಗೆ ಇಳಿಯಿತು! ಆಕ್ಸಿಜನ್ ತುಂಬಿದ ಬಿಲ್ಲೆಯಲ್ಲಿ ಕರೆಂಟ್ ಒಯ್ಯುವ 'ಹೋಲ್‌'ಗಳು (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು) ಆಗಲೇ ಸಾಕಷ್ಟಿರುತ್ತವೆ. ಕ್ಯಾಲ್ಸಿಯಂ ಇನ್ನಷ್ಟು ಸೇರಿಸುತ್ತದೆ. ಹದವಾಗಿದ್ದ ಸಾರಿಗೆ ಮತ್ತೊಂದು ಹಿಡಿ ಉಪ್ಪು ಹಾಕಿದ ಹಾಗೆ, ಅಲ್ವಾ?

ಈಗ ಹೋಲ್‌ಗಳು ಕಡಿಮೆಯಾಗಲಿ ಅಂತ, ಅದೇ ಬಿಲ್ಲೆಯಿಂದ ಸ್ವಲ್ಪ ಆಕ್ಸಿಜನ್ ಬಿಡಿಸಲು ಮತ್ತೆ ಭಟ್ಟಿಗೆ ಇಟ್ಟಿದ್ದೇನೆ. ರಾತ್ರಿ ಕರೆಂಟ್ ಹೋಗದಿದ್ದರೆ ನಾಳೆ ಮತ್ತೆ ಎಮ್ಮೆ ಡಾಕ್ಟರ ಹತ್ತಿರ ಹೋಗಬೇಕು.